ಹುಬ್ಬಳ್ಳಿ ಬಸ್ಸಿನಲ್ಲಿ ಸಿಕ್ಕ ನಾಲ್ವರು

ಪ್ರಶ್ನೆ: ನಾನು ಕುಮಟಾದವಳು, 46 ವರ್ಷ. ಸ್ತನ ಕ್ಯಾನ್ಸರ್‌ಗೆ ಹುಬ್ಬಳ್ಳಿಯಲ್ಲಿ ಕೀಮೋ ನಡೆಯುತ್ತಿದೆ. ಬಸ್ಸಿನಲ್ಲಿ ನನ್ನಂಥವರೇ ಇನ್ನೂ ಮೂವರು ಪರಿಚಯವಾಗಿದ್ದಾರೆ. ತಿಂಗಳಿಗೊಮ್ಮೆ ಸೇರೋಣ ಅಂತಿದ್ದೇವೆ. ನಮ್ಮನೆಯವರು ಮಾತ್ರ ‘ಕಂಡವರ ಕಾಯಿಲೆ ಕಥೆ ಕೇಳಿ ಇನ್ನೂ ಹೆದರ್ತೀಯ, ಸುಮ್ನೆ ಮನೇಲಿರು’ ಅಂತಾರೆ. ಏನು ಮಾಡಲಿ?

ಉತ್ತರ: ಸೇರಿ ಮಾರಾಯ್ರೆ. ದೇವಿಮನೆ ಘಟ್ಟದ ತಿರುವಿನಲ್ಲಿ ವಾಂತಿ ಚೀಲ ಹಿಡಿದು ಕೂತವರಿಗೆ ಪಕ್ಕದ ಸೀಟಿನವರು ಏನೂ ಕೇಳದೆ ಒಂದು ನಿಂಬೆಹಣ್ಣು ಕೊಡ್ತಾರಲ್ಲ, ನಿಮ್ಮ ಗುಂಪು ಆಗಲೇ ಶುರುವಾಗಿದೆ. ಹೆಸರು, ಬೋರ್ಡು, ಅಧ್ಯಕ್ಷರು ಬೇಡ (ಅಧ್ಯಕ್ಷರು ಬಂದರೆ ಭಾಷಣವೂ ಬರುತ್ತೆ). ಯಾರದಾದರೂ ಮನೆ ಜಗುಲಿ ಸಾಕು.

ನಿಮ್ಮನೆಯವರ ಮಾತು ಪೂರ್ತಿ ತಪ್ಪೂ ಅಲ್ಲ. ‘ನಿಮಗೆ ಆರೇ ಡೋಸ್, ನನಗ್ಯಾಕೆ ಎಂಟು?’ ಅಂತ ಹೋಲಿಸಲು ಕೂತರೆ ರಾತ್ರಿ ನಿದ್ದೆ ಬರಲ್ಲ. ಗಂಟಿಗೆ ಹಾರ್ಮೋನಿನ ಒತ್ತಾಸೆ ಇದೆಯಾ (ಹಾರ್ಮೋನ್ ರಿಸೆಪ್ಟರ್ ವರದಿ), ಹರ್-2 ಅನ್ನೋ ಪ್ರೋಟೀನ್ ಜಾಸ್ತಿ ಇದೆಯಾ, ಗಂಟಿನ ಗಾತ್ರ ಎಷ್ಟು, ಇದೆಲ್ಲ ನೋಡಿ ಒಬ್ಬೊಬ್ಬರಿಗೆ ಒಂದೊಂದು ಔಷಧ. ಆ ಲೆಕ್ಕ ಡಾಕ್ಟರಿಗೆ ಬಿಡಿ. ಕೂದಲು ಉದುರಿದ ದಿನ ಮಗಳಿಗೆ ಏನು ಹೇಳಿದಿರಿ, ಮದುವೆಮನೆಗೆ ಹೋದಿರಾ ಇಲ್ವಾ, ಅದನ್ನು ಮಾತಾಡಿ.

ಊಟದ ಮಾತು ಬಂದೇ ಬರುತ್ತೆ. ಕೀಮೋ ಆದಮೇಲೆ ಕೆಲವರಿಗೆ ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ. ನಾನು ನಡೆಸುವ ಗುಂಪಿನಲ್ಲಿ ಒಬ್ಬರು ಸ್ಟೀಲ್ ಚಮಚ ಬಿಟ್ಟು ಮರದ ಚಮಚದಲ್ಲಿ ಗಂಜಿ ಉಣ್ಣತೊಡಗಿದರು, ಇನ್ನೊಬ್ಬರಿಗೆ ಅಪ್ಪೆಹುಳಿ (ಮಾವಿನಕಾಯಿಯ ತೆಳ್ಳನೆ ಹುಳಿಸಾರು) ಮಾತ್ರ ಒಳಗಿಳೀತಿತ್ತು, ಬಾಯಲ್ಲಿ ಹುಣ್ಣಿದ್ದ ಮೂರನೆಯವರಿಗೆ ಅದೇ ಅಪ್ಪೆಹುಳಿ ಬೆಂಕಿ! ಆದರೆ ಯಾರಾದರೂ ‘ಕೀಮೋ ಬಿಡಿ, ಈ ಬೇರಿನ ಕಷಾಯ ಕುಡಿಯಿರಿ’ ಅಂದರೆ ಅಲ್ಲೇ ಮಾತು ನಿಲ್ಲಿಸಿ. ಮುಲಾಜು ಬೇಡ.

ಒಂದು ವಿಷಯ ನಾಲ್ವರಿಗೂ ಬಾಯಿಪಾಠ ಆಗಿರಲಿ. ಕೀಮೋ ಆದ 7ರಿಂದ 14 ದಿನಗಳ ಹೊತ್ತಿಗೆ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ ಜಾಸ್ತಿ ಇಳಿಯುತ್ತೆ. ಜ್ವರ 100.4 ಡಿಗ್ರಿ ದಾಟಿದರೆ ನಡುರಾತ್ರಿಯಾದರೂ ಹತ್ತಿರದ ಆಸ್ಪತ್ರೆಗೆ ಓಡಿ, ಬೆಳಗಿನ ಹುಬ್ಬಳ್ಳಿ ಬಸ್ಸಿಗೆ ಕಾಯಬೇಡಿ. ನೆಗಡಿ ಆದವರು ಆ ತಿಂಗಳು ಫೋನಿನಲ್ಲೇ ಮಾತಾಡಲಿ.

ನಿಮ್ಮನೆಯವರನ್ನೂ ಕರೆತನ್ನಿ. ಅವರಿಗೂ ಹೆದರಿಕೆ ಇದೆ, ನಿಮ್ಮೆದುರು ಹೇಳಲ್ಲ ಅಷ್ಟೆ. ಬಂದ ಗಂಡಸರೆಲ್ಲ ಬೇರೆ ಅಂಗಳದಲ್ಲಿ ಕೂರಲಿ. ಚಹಾ ಕೊಡಿ, ಕವಳದ ತಟ್ಟೆ ಮಾತ್ರ ಒಳಗಿಡಿ: ಅಡಿಕೆ, ತಂಬಾಕು ಬಾಯಿ ಕ್ಯಾನ್ಸರ್ ತರುತ್ತೆ ಅಂತ ಅವರಿಗೆ ಹೇಳೋದಕ್ಕೂ ಅದೇ ಒಳ್ಳೆ ಹೊತ್ತು.