ಎರಡನೆಯ ಸಿರಿಂಜಿನಲ್ಲಿ ಏನಿತ್ತು?

ಓದುಗರ ಪತ್ರ: ತಿಪಟೂರಿನಿಂದ ಓದುಗರೊಬ್ಬರು ಬರೆದಿದ್ದಾರೆ. ಅವರ ಅತ್ತೆಗೆ ಇದ್ದಕ್ಕಿದ್ದಂತೆ ಎದೆ ವಿಪರೀತ ಹೊಡೆದುಕೊಳ್ಳತೊಡಗಿ, ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಕರೆದೊಯ್ದರು. ನರ್ಸ್ ಒಂದು ಸಣ್ಣ ಸಿರಿಂಜಿನಿಂದ ಅಡಿನೊಸಿನ್ ಎಂಬ ಔಷಧ ಕೊಟ್ಟರು. ಅದರ ಬೆನ್ನಿಗೇ ದೊಡ್ಡ ಸಿರಿಂಜಿನಿಂದ ಮತ್ತೇನನ್ನೋ ರಭಸವಾಗಿ ತಳ್ಳಿದರು. ಆ ಕ್ಷಣ ಅತ್ತೆ “ಜೀವ ಹೋಯಿತು” ಎಂದು ಕೂಗಿಕೊಂಡರಂತೆ. ಮರುನಿಮಿಷದಲ್ಲಿ ನಾಡಿ ಸರಿಹೋಯಿತು. ಎರಡನೆಯದರಲ್ಲಿ ಇದ್ದದ್ದು “ಬರೀ ಉಪ್ಪುನೀರು” ಎಂದು ಆಮೇಲೆ ತಿಳಿಯಿತು. ಬಿಲ್ಲಿನಲ್ಲಿ ಅದಕ್ಕೂ ಒಂದು ಬಾಟಲಿಯ ಹಣ ಸೇರಿತ್ತು. ಫಾರ್ಮಸಿ ಓದುತ್ತಿರುವ ಮಗ, ಎರಡು ದ್ರವಗಳನ್ನು ಒಂದಾದ ಮೇಲೊಂದು ಬಿಡುವ ಒಂದೇ ಸಿರಿಂಜು ಇದೆ ಎಂದು ಹೇಳಿದ್ದಾನೆ. “ನೀರಿಗೆ ದುಡ್ಡೇಕೆ? ಅಂಥ ಸಿರಿಂಜಿನಲ್ಲಿ ಎರಡೂ ಬೆರೆಯದೆ ಇರುವುದು ಹೇಗೆ? ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಅದು ಯಾಕೆ ಬಂದಿಲ್ಲ?” ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಮಾನ್ಯರೇ,

ಮೊದಲು ಆ “ಬರೀ ನೀರಿ”ನ ವಿಷಯ. ಅದು ನೀರಾಗಿದ್ದರೆ ನಿಮ್ಮ ಅತ್ತೆಗೆ ಅಪಾಯವಾಗಬಹುದಿತ್ತು. ಶುದ್ಧ ನೀರು ರಕ್ತನಾಳಕ್ಕೆ ಹೋದರೆ ಕೆಂಪು ರಕ್ತಕಣಗಳು ಉಬ್ಬಿ ಒಡೆಯುತ್ತವೆ. ಅಲ್ಲಿ ಬಳಸಿದ್ದು ನಾರ್ಮಲ್ ಸಲೈನ್, ಅಂದರೆ ಲೀಟರಿಗೆ 9 ಗ್ರಾಂ ಉಪ್ಪು ಕರಗಿಸಿದ, ರೋಗಾಣುಗಳಿಲ್ಲದ ದ್ರಾವಣ. ನಿಮ್ಮ ಅತ್ತೆಯ ವಿಷಯದಲ್ಲಿ ಅದಿಲ್ಲದೆ ಮೊದಲ ಸಿರಿಂಜು ಬಹುಮಟ್ಟಿಗೆ ವ್ಯರ್ಥ.

ಅಡಿನೊಸಿನ್ ವಿಚಿತ್ರ ಔಷಧ. ರಕ್ತಕ್ಕೆ ಇಳಿದ ಕ್ಷಣದಿಂದಲೇ ಕೆಂಪು ರಕ್ತಕಣಗಳೂ ರಕ್ತನಾಳದ ಒಳಪದರವೂ ಅದನ್ನು ಹೀರಿ ಮುಗಿಸತೊಡಗುತ್ತವೆ. ಹತ್ತು ಸೆಕೆಂಡು ಕಳೆಯುವುದರೊಳಗೆ ಅರ್ಧಕ್ಕಿಂತ ಹೆಚ್ಚು ಇಲ್ಲವಾಗಿರುತ್ತದೆ. ಅಷ್ಟರಲ್ಲಿ ಅದು ಮೊಣಕೈ ಮಡಿಕೆಯ ನಾಳದಿಂದ ಹೊರಟು ಹೃದಯ ಮುಟ್ಟಬೇಕು. ದೊಡ್ಡವರಿಗೆ ಮೊದಲ ಡೋಸು 6 ಮಿಲಿಗ್ರಾಂ. ಅದು ಬರೀ 2 ಮಿ.ಲೀ. ದ್ರವ. ಕೈಗೆ ಹಾಕಿದ ಕ್ಯಾನುಲಾ (ನಾಳದೊಳಗೆ ಇಟ್ಟ ತೆಳು ಪ್ಲಾಸ್ಟಿಕ್ ನಳಿಕೆ), ಅದಕ್ಕೆ ಸೇರಿಸಿದ ಸಣ್ಣ ಕೊಳವೆ, ಮೂರು ದಾರಿಯ ತಿರುಪು (ಸಿಸ್ಟರ್‌ಗಳು ತ್ರೀ-ವೇ ಎನ್ನುತ್ತಾರೆ) ಇವೆಲ್ಲ ಸೇರಿ ಅರ್ಧ ಮಿ.ಲೀ.ಗಿಂತ ಹೆಚ್ಚು ಹಿಡಿದಿಟ್ಟುಕೊಳ್ಳುವುದುಂಟು. ಹಿಂದಿನಿಂದ ಏನೂ ತಳ್ಳದಿದ್ದರೆ ಔಷಧದ ಒಂದು ಪಾಲು ಪ್ಲಾಸ್ಟಿಕ್ಕಿನಲ್ಲೇ ಉಳಿಯುತ್ತದೆ, ಮಿಕ್ಕದ್ದು ತೋಳಿನಲ್ಲಿ ತೆವಳುತ್ತ ದಾರಿಯಲ್ಲೇ ಕರಗಿಹೋಗುತ್ತದೆ. ಅದಕ್ಕೇ ತ್ರೀ-ವೇಯ ಒಂದು ಬಾಯಿಗೆ ಔಷಧ, ಇನ್ನೊಂದಕ್ಕೆ 20 ಮಿ.ಲೀ. ಸಲೈನ್ ಸಿಕ್ಕಿಸಿ, ಮೊದಲನೆಯದನ್ನು ತಳ್ಳಿದ ಉಸಿರಿನಲ್ಲೇ ತಿರುಪು ಹೊರಳಿಸಿ ಎರಡನೆಯದನ್ನು ನುಗ್ಗಿಸುತ್ತಾರೆ, ರೋಗಿಯ ಕೈಯನ್ನು ಮೇಲೆತ್ತುತ್ತಾರೆ. ನೀವು ಕಂಡ ರಭಸ ಇದೇ. “ಜೀವ ಹೋಯಿತು” ಎಂದದ್ದೂ ಅತಿಶಯವಲ್ಲ. ಔಷಧ ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಹೋಗುವ ವಿದ್ಯುತ್ ಸಂದೇಶವನ್ನು ತಡೆದಾಗ, ಇಸಿಜಿಯ ಗೆರೆ ಕೆಲವು ಸೆಕೆಂಡು ನೆಟ್ಟಗೆ ಮಲಗಿಬಿಡುತ್ತದೆ. ಪರದೆ ನೋಡುತ್ತಿರುವ ಹೊಸ ಹೌಸ್ ಸರ್ಜನ್ನರ ಮುಖ ಆಗ ರೋಗಿಯ ಮುಖಕ್ಕಿಂತ ಬಿಳಿಚಿಕೊಂಡಿರುತ್ತದೆ.

ಇನ್ನು ನಿಮ್ಮ ಮಗ ಹೇಳಿದ ಸಿರಿಂಜು. ಅವನು ಹೇಳಿದ್ದು ಸರಿ. ಅದರ ವಿನ್ಯಾಸ ನೋಡಲು ಬಲು ಸರಳ. ಒಂದೇ ನಳಿಕೆ, ಒಳಗೆ ಎರಡು ರಬ್ಬರ್ ಬಿರಡೆಗಳು. ಹಿಂದಿನದು ನಾವು ಹೆಬ್ಬೆರಳಿನಿಂದ ಒತ್ತುವ ದಂಡಕ್ಕೆ ಅಂಟಿಕೊಂಡಿರುತ್ತದೆ. ಮುಂದಿನದಕ್ಕೆ ಯಾವ ಹಿಡಿಕೆಯೂ ಇಲ್ಲ, ನಳಿಕೆಯ ನಡುವೆ ಬಿಡಿಯಾಗಿ ಬಿಗಿದು ಕೂತಿರುತ್ತದೆ. ಅದರ ಮುಂದೆ ಔಷಧ, ಹಿಂದೆ ಸಲೈನ್. ದಂಡ ಒತ್ತಿದಾಗ ಸಲೈನ್ ಕುಗ್ಗುವುದಿಲ್ಲ. ಹಾಗಾಗಿ ಅದು ನಡುವಿನ ಬಿರಡೆಯನ್ನು ಮುಂದಕ್ಕೆ ನೂಕುತ್ತದೆ, ಬಿರಡೆ ಔಷಧವನ್ನು ನೂಕುತ್ತದೆ. ಔಷಧವೆಲ್ಲ ಹೊರಬಿದ್ದು ಬಿರಡೆ ಮೂತಿಯ ಹತ್ತಿರ ತಲುಪುತ್ತದೆ. ಅಲ್ಲಿ ನಳಿಕೆಯ ಗೋಡೆಯಲ್ಲಿ ಬಿರಡೆಗಿಂತ ಉದ್ದದ ಒಂದು ಸಣ್ಣ ಕಾಲುವೆ ಕೊರೆದಿರುತ್ತಾರೆ. ಕೆರೆ ಏರಿಯ ತೂಬು ಇದ್ದಂತೆ ಅದು. ಅಲ್ಲಿಯವರೆಗೆ ಒಡ್ಡಾಗಿದ್ದ ಬಿರಡೆಯನ್ನು ಬಳಸಿಕೊಂಡು ಸಲೈನ್ ಮುಂದಕ್ಕೆ ಹರಿಯುತ್ತದೆ. ಕೆಲವು ವಿನ್ಯಾಸಗಳಲ್ಲಿ ಕಾಲುವೆಯ ಬದಲು ಬಿರಡೆಯಲ್ಲೇ ಒಂದು ಕವಾಟ ತೆರೆದುಕೊಳ್ಳುತ್ತದೆ.

ಎಲ್ಲ ಜಾಣತನವೂ ಆ ತೂಬು ಎಲ್ಲಿದೆ ಎಂಬುದರಲ್ಲಿದೆ. ಅದನ್ನು ಮೂತಿಯ ಬಳಿಯಿಂದ ತೆಗೆದು ನಳಿಕೆಯ ನಡುಭಾಗಕ್ಕೆ ತನ್ನಿ, ಅದೇ ಸಿರಿಂಜು ತದ್ವಿರುದ್ಧ ಕೆಲಸ ಮಾಡುತ್ತದೆ: ಹಿಂದಿನ ದ್ರವ ಮೊದಲೇ ಮುಂದಿನ ಕೋಣೆಗೆ ನುಗ್ಗಿ ಅಲ್ಲಿರುವ ಪುಡಿಯ ಜೊತೆ ಬೆರೆಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಲ್ಯೂಪ್ರೊಲೈಡ್ ಔಷಧದ ಒಂದು ಬಗೆ ಬರುವುದು ಇಂಥ ಎರಡು ಕೋಣೆಯ ಸಿರಿಂಜಿನಲ್ಲಿ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಈ ಬೆರೆಸುವ ಜಾತಿಯೇ. ನಿಮ್ಮ ಮಗ ಯಾವುದರ ಬಗ್ಗೆ ಓದಿದ್ದಾನೆಂದು ಒಮ್ಮೆ ಕೇಳಿ ನೋಡಿ.

ಬೆರೆಯಬಾರದು ಎಂಬುದೇಕೆ ಅಷ್ಟು ಮುಖ್ಯ? ಅಡಿನೊಸಿನ್ ವಿಷಯದಲ್ಲಿ, ನಿಜ ಹೇಳಬೇಕೆಂದರೆ, ಮುಖ್ಯವೇ ಅಲ್ಲ. ಔಷಧ ಮತ್ತು ಸಲೈನನ್ನು ಒಂದೇ 20 ಮಿ.ಲೀ. ಸಿರಿಂಜಿಗೆ ಎಳೆದುಕೊಂಡು ಒಟ್ಟಿಗೇ ತಳ್ಳಿದರೂ ಫಲ ಹೆಚ್ಚುಕಡಿಮೆ ಅಷ್ಟೇ ಎಂದು ಕೆಲವು ಸಣ್ಣ ಅಧ್ಯಯನಗಳು ತೋರಿಸಿವೆ, ಹಾಗೆ ಮಾಡುವ ವೈದ್ಯರೂ ಇದ್ದಾರೆ. ನಿಮ್ಮ ಅತ್ತೆಗಾಗಿ ಎರಡು ಕೋಣೆಯ ಸಿರಿಂಜು ಬೇಕು ಎಂಬ ವಾದ ಇಲ್ಲಿಗೇ ಅರ್ಧ ಬಿದ್ದುಹೋಯಿತು.

ಆದರೆ ಬೆರೆತರೆ ಕೊಲ್ಲುವ ಜೋಡಿಗಳಿವೆ. ನಮ್ಮ ಯಾವ ವಾರ್ಡಿಗೆ ಹೋದರೂ ಕಾಣುವ ಆಂಟಿಬಯಾಟಿಕ್ ಸೆಫ್ಟ್ರಿಯಾಕ್ಸೋನ್. ಡ್ರಿಪ್ಪಿಗೆ ತೂಗಿದ ಬಾಟಲಿ ಹಲವು ಸಲ ಆರ್‌ಎಲ್, ಅಂದರೆ ರಿಂಗರ್ ಲ್ಯಾಕ್ಟೇಟ್. ಅದರಲ್ಲಿ ಕ್ಯಾಲ್ಸಿಯಂ ಇದೆ. ಇವೆರಡೂ ಕೂಡಿದರೆ ಹರಳುಗಟ್ಟುತ್ತವೆ. ನವಜಾತ ಶಿಶುಗಳ ಶ್ವಾಸಕೋಶ, ಮೂತ್ರಪಿಂಡಗಳಲ್ಲಿ ಅಂಥ ಹರಳುಗಳು ಕಂಡು, ಸಾವುಗಳು ವರದಿಯಾದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಎಚ್ಚರಿಕೆ ಕೊಟ್ಟಿತು. 2009ರಲ್ಲಿ ಅದನ್ನು ಪರಿಷ್ಕರಿಸಿ ಹೇಳಿದ್ದು ಇಷ್ಟು: ನವಜಾತ ಶಿಶುಗಳಿಗೆ ಈ ಜೋಡಿ ಬೇಡವೇ ಬೇಡ, 28 ದಿನ ದಾಟಿದವರಿಗೆ ಒಂದಾದ ಮೇಲೊಂದು ಕೊಡಬಹುದು, ನಡುವೆ ಕೊಳವೆಯನ್ನು ಚೆನ್ನಾಗಿ ತೊಳೆದಿರಬೇಕು. ಆ ತೊಳೆಯುವ ದ್ರವ ಸಾಮಾನ್ಯವಾಗಿ ನೀವು ದುಡ್ಡು ಕೊಟ್ಟ ಅದೇ ಉಪ್ಪುನೀರು.

ಹಾಗಾದರೆ ಔಷಧ, ಹಿಂದೆಯೇ ಸಲೈನ್ ಎಂಬ ಸಿರಿಂಜು ಎಲ್ಲ ವಾರ್ಡುಗಳಿಗೂ ಬರಬೇಕಲ್ಲವೇ? ಇಲ್ಲಿ ನನ್ನ ಅಭಿಪ್ರಾಯ ನಿಮಗಿಂತ ಬೇರೆ. ಅನುಭವಸ್ಥ ಸಿಸ್ಟರ್ ಒಬ್ಬರ ಕೈಯನ್ನು ಹತ್ತಿರದಿಂದ ನೋಡಿ. ಔಷಧಕ್ಕೂ ಮೊದಲು ಎರಡು-ಮೂರು ಮಿ.ಲೀ. ಸಲೈನ್ ಬಿಟ್ಟು, ಸೂಜಿಯ ಸುತ್ತ ಚರ್ಮ ಉಬ್ಬುತ್ತದೆಯೇ, ರೋಗಿ ಮುಖ ಕಿವುಚುತ್ತಾರೆಯೇ ಎಂದು ಪರೀಕ್ಷಿಸುತ್ತಾರೆ. ನಾಳ ಒಡೆದಿದ್ದರೆ ಔಷಧ ಮಾಂಸಕ್ಕೆ ಸೋರಿ ಹುಣ್ಣಾಗಬಹುದು. ಅಂದರೆ ಸರಿಯಾದ ಕ್ರಮ ಸಲೈನ್, ಔಷಧ, ಮತ್ತೆ ಸಲೈನ್. ಎರಡು ಕೋಣೆಯ ಸಿರಿಂಜಿನಲ್ಲಿ ಈ ಮೊದಲ ಸಲೈನಿಗೆ ಜಾಗವೇ ಇಲ್ಲ.

ಇನ್ನೊಂದು ಸೂಕ್ಷ್ಮವಿದೆ, ಇದು ಎಷ್ಟೋ ಸಲ ಕಲಿತವರ ಕಣ್ಣಿಗೂ ತಪ್ಪುತ್ತದೆ. ಸಿರಿಂಜು ಖಾಲಿಯಾದ ಕ್ಷಣದಲ್ಲಿ ಔಷಧದ ಕೊನೆಯ ಪಾಲು ಇನ್ನೂ ಕೊಳವೆಯಲ್ಲೇ ಇರುತ್ತದೆ. ಹಿಂದೆ ಬರುವ ಸಲೈನಿನ ಮೊದಲ ಹನಿಗಳು ಒಳಗೆ ತಳ್ಳುವುದು ಸಲೈನನ್ನಲ್ಲ, ಔಷಧವನ್ನು. ಐದು ನಿಮಿಷ ಹಿಡಿದು ನಿಧಾನವಾಗಿ ಕೊಡಬೇಕಾದ ಔಷಧದ ಬೆನ್ನಿಗೆ, “ಇನ್ನೇನು ಬರೀ ನೀರು ತಾನೇ” ಎಂದು ಸಲೈನನ್ನು ಒಂದೇ ಗುಕ್ಕಿಗೆ ನುಗ್ಗಿಸಿದರೆ, ಕೊನೆಯ ಪಾಲು ಒಮ್ಮೆಲೇ ಹೃದಯಕ್ಕೆ ಬಡಿಯುತ್ತದೆ. ಆದ್ದರಿಂದ ನಿಧಾನದ ಔಷಧಕ್ಕೆ ನಿಧಾನದ ಸಲೈನ್, ಅಡಿನೊಸಿನ್‌ಗೆ ಸಿಡಿಲಿನ ವೇಗದ ಸಲೈನ್. ಸಿರಿಂಜಿಗೆ ಎಷ್ಟು ಕೋಣೆಗಳಿದ್ದರೂ ವೇಗ ಹೆಬ್ಬೆರಳಿನ ಕೈಯಲ್ಲೇ ಇರುತ್ತದೆ.

ಕಾರ್ಖಾನೆಯ ಕಷ್ಟಗಳೂ ಕಡಿಮೆಯಲ್ಲ. ತುಂಬಿಟ್ಟ ಔಷಧ ತಿಂಗಳುಗಟ್ಟಲೆ ರಬ್ಬರಿಗೆ ತಾಗಿ ನಿಂತರೂ ಕೆಡಬಾರದು, ಎರಡು ಕೋಣೆಗಳ ನಡುವೆ ಹನಿಯೂ ಜಿನುಗಬಾರದು. ಪ್ರತಿಯೊಂದು ಔಷಧಕ್ಕೂ ಬೇರೆ ಬೇರೆ ಪರೀಕ್ಷೆ, ಬೇರೆ ಅನುಮತಿ. ಮಕ್ಕಳಿಗೆ ಡೋಸು ತೂಕದ ಮೇಲೆ. ಮೊದಲೇ ತುಂಬಿಟ್ಟ ಸಿರಿಂಜಿಗೆ ಮಗುವಿನ ತೂಕ ತಿಳಿಯದು.

ಇಷ್ಟೆಲ್ಲ ಹೇಳಿದ ಮೇಲೆ, ಈ ಯೋಚನೆ ನಿಜಕ್ಕೂ ಗೆದ್ದ ಜಾಗವನ್ನೂ ಹೇಳಬೇಕು. ಅದು ರಣರಂಗ. ಸರಿನ್‌ನಂಥ ನರವಿಷದ ಅನಿಲ ತಗುಲಿದ ಸೈನಿಕನಿಗೆ ಎರಡು ಔಷಧ ಬೇಕು: ಅಟ್ರೊಪಿನ್ ಮತ್ತು ಪ್ರಾಲಿಡಾಕ್ಸಿಮ್. ಅಮೆರಿಕದ ಸೇನೆ ಮೊದಲು ಎರಡು ಬೇರೆ ಬೇರೆ ಸ್ವಯಂಚಾಲಿತ ಸೂಜಿಗಳ ಜೋಡಿ ಕೊಡುತ್ತಿತ್ತು. ಕೈ ನಡುಗುತ್ತ, ಕಣ್ಣು ಮಂಜಾಗಿ, ಮುಖವಾಡ ಹಾಕಿಕೊಂಡವನು ಮೊದಲು ಯಾವುದು, ಆಮೇಲೆ ಯಾವುದು ಎಂದು ನೆನಪಿಟ್ಟುಕೊಳ್ಳಬೇಕಿತ್ತು. ಅದರ ಜಾಗಕ್ಕೆ ಬಂದ ಉಪಕರಣವನ್ನು ಬಟ್ಟೆಯ ಮೇಲಿನಿಂದಲೇ ತೊಡೆಗೆ ಒತ್ತಿದರೆ ಸಾಕು. ಒಂದೇ ಸೂಜಿಯಲ್ಲಿ ಮೊದಲು 2.1 ಮಿಲಿಗ್ರಾಂ ಅಟ್ರೊಪಿನ್, ಹಿಂದೆಯೇ 600 ಮಿಲಿಗ್ರಾಂ ಪ್ರಾಲಿಡಾಕ್ಸಿಮ್ ಇಳಿಯುತ್ತದೆ. ನಾಗರಿಕ ತುರ್ತು ಸಿಬ್ಬಂದಿ ಬಳಸುವ ಅದರ ರೂಪದ ಹೆಸರು ಡ್ಯುಯೊಡೋಟ್.

ಅಟ್ರೊಪಿನ್, ಪ್ರಾಲಿಡಾಕ್ಸಿಮ್ ಎಂಬ ಎರಡು ಹೆಸರುಗಳು ನಮ್ಮ ತಾಲ್ಲೂಕು ಆಸ್ಪತ್ರೆಗಳ ಸಿಬ್ಬಂದಿಗೆ ಚಿರಪರಿಚಿತ. ಬೆಳೆಗೆ ಹೊಡೆಯುವ ಆರ್ಗನೊಫಾಸ್ಫೇಟ್ ಕೀಟನಾಶಕ ಕುಡಿದವರಿಗೆ ಕೊಡುವುದೂ ಅಟ್ರೊಪಿನ್, ಹಲವೆಡೆ ಪ್ರಾಲಿಡಾಕ್ಸಿಮ್ ಕೂಡ. ಸರಿನ್ ಮತ್ತು ಆ ಕೀಟನಾಶಕ ಒಂದೇ ಕುಲದವು. ಹಾಗೆಂದು ಆ ಸಿರಿಂಜನ್ನು ಅಲ್ಲಿಗೆ ತಂದಿಟ್ಟರೆ ಹೆಚ್ಚೇನೂ ಪ್ರಯೋಜನವಾಗದು. ವಿಷ ಕುಡಿದವರಿಗೆ ಶ್ವಾಸಕೋಶದ ಗೊರಗೊರ ನಿಲ್ಲುವವರೆಗೆ, ಕೆಲವೇ ನಿಮಿಷಗಳಿಗೊಮ್ಮೆ ಅಟ್ರೊಪಿನ್ ಡೋಸನ್ನು ಇಮ್ಮಡಿಸುತ್ತ ಹೋಗಬೇಕಾಗುತ್ತದೆ. ಆಮೇಲೆ ಡ್ರಿಪ್. ಪ್ರಾಲಿಡಾಕ್ಸಿಮ್‌ನಿಂದ ಲಾಭವಿದೆಯೇ ಎಂಬುದರಲ್ಲೇ ಅಧ್ಯಯನಗಳು ಒಂದಕ್ಕೊಂದು ಹೊಂದುವುದಿಲ್ಲ. ಅಳತೆ ಕಟ್ಟಿಟ್ಟ ಸಿರಿಂಜು ಒಂದೇ ಹೊಡೆತದ ಕೆಲಸಕ್ಕೆ ಸರಿ, ರಾತ್ರಿಯಿಡೀ ಕಾಯುವ ಕೆಲಸಕ್ಕೆ ಅಲ್ಲ.

ಎರಡು ದ್ರವಗಳನ್ನು ಸರದಿಯಲ್ಲಿ ಬಿಡುವ ಯಂತ್ರವನ್ನು ನೀವು ನೋಡಬೇಕೆಂದರೆ ದೊಡ್ಡ ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ. ಸಿ.ಟಿ. ಯಂತ್ರದ ಪಕ್ಕ ಕಂಬದ ಮೇಲೆ ಎರಡು ದಪ್ಪ ಸಿರಿಂಜುಗಳು ಅಕ್ಕಪಕ್ಕ ಕೂತಿರುತ್ತವೆ. ಒಂದರಲ್ಲಿ ಅಯೋಡಿನ್ ಇರುವ ಕಾಂಟ್ರಾಸ್ಟ್ (ಚಿತ್ರದಲ್ಲಿ ರಕ್ತನಾಳಗಳು ಎದ್ದು ಕಾಣುವಂತೆ ಮಾಡುವ ದ್ರವ), ಇನ್ನೊಂದರಲ್ಲಿ ಸಲೈನ್. ತಂತ್ರಜ್ಞರು ಹೊರಗೆ ಕೂತು ಗುಂಡಿ ಒತ್ತುತ್ತಾರೆ. ಮೊದಲನೆಯದು ಮುಗಿದೊಡನೆ ಎರಡನೆಯದು ತಾನೇ ಶುರುವಾಗುತ್ತದೆ. ಇನ್ನೂ ಸಣ್ಣ ಉದಾಹರಣೆ ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳಿಗೆ ಬಂದಿತ್ತು: ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಎನೊಕ್ಸಾಪರಿನ್. 40 ಮಿಲಿಗ್ರಾಂನ ತುಂಬಿದ ಸಿರಿಂಜಿನೊಳಗೆ ಒಂದು ಗಾಳಿಗುಳ್ಳೆ ಇರುತ್ತದೆ, ಅದನ್ನು ಹೊರಹಾಕಬೇಡಿ ಎಂದು ಸೂಚನೆಯೂ ಇರುತ್ತದೆ. ಸೂಜಿ ಕೆಳಮುಖವಾಗಿರುವಾಗ ಗುಳ್ಳೆ ಮೇಲಕ್ಕೆ ತೇಲಿ, ಕೊನೆಗೆ ಹೋಗಿ, ಸೂಜಿಯಲ್ಲುಳಿದ ಔಷಧವನ್ನು ಒಳಗೆ ತಳ್ಳುತ್ತದೆ. (ಇದು ಚರ್ಮದಡಿಯ ಆ ಚುಚ್ಚುಮದ್ದಿಗೆ ಮಾತ್ರ, ರಕ್ತನಾಳಕ್ಕೆ ಗಾಳಿ ಹೋಗಲೇಬಾರದು.) ಯಾವ ಹೊಸ ಬಿರಡೆಯೂ ಇಲ್ಲದೆ, ಮೊದಲು ಒಂದು, ಆಮೇಲೆ ಇನ್ನೊಂದು.

ಕೊನೆಗೆ ಬಿಲ್ಲು. ನೀವು ಆಕ್ಷೇಪಿಸಿದ ಆ ಸಾಲನ್ನು ಓದಿ ನನಗೆ ಸಮಾಧಾನವಾಯಿತು. ಅತ್ತೆಯ ಹೆಸರಿನಲ್ಲಿ ಬಾಟಲಿಯ ಹಣ ಹಾಕಿದ್ದಾರೆಂದರೆ ಅವರಿಗಾಗಿ ಹೊಸ ಬಾಟಲಿ ಒಡೆದಿರಬೇಕು. ಹೌದೇ ಎಂದು ಕೇಳುವ ಹಕ್ಕು ನಿಮಗಿದೆ. ಹೆದರಬೇಕಾದದ್ದು ಬೇರೊಂದು ದೃಶ್ಯಕ್ಕೆ: ಟ್ರಾಲಿಯ ಮೇಲೆ ಒಂದೇ ಸಲೈನ್ ಬಾಟಲಿ, ಅದರ ಬಾಯಿಗೆ ಚುಚ್ಚಿ ಬಿಟ್ಟ ಒಂದು ಸೂಜಿ, ಇಡೀ ವಾರ್ಡಿನ ರೋಗಿಗಳಿಗೆ ಬೆಳಗಿನಿಂದ ಸಂಜೆಯವರೆಗೆ ಅದರಿಂದಲೇ ಎಳೆದು ಕೊಡುವುದು. ಒಂದು ಸಲ ಬಳಸಿದ ಸಿರಿಂಜು ಅದರೊಳಗೆ ಹೋದರೆ ಒಬ್ಬರ ಹೆಪಟೈಟಿಸ್ ಇನ್ನೊಬ್ಬರಿಗೆ ದಾಟಲು ಮತ್ತೇನೂ ಬೇಡ. ಸರ್ಕಾರಿ ಆಸ್ಪತ್ರೆಗೆ ಏನಾದರೂ ತರಿಸಿ ಎಂದು ಅರ್ಜಿ ಬರೆಯುವುದಾದರೆ, 10 ಮಿ.ಲೀ. ಸಲೈನ್ ತುಂಬಿದ, ಒಬ್ಬರಿಗೊಂದರಂತೆ ಬಳಸಿ ಎಸೆಯುವ ಸಾದಾ ಸಿರಿಂಜುಗಳನ್ನು ಕೇಳಿ. ಅದೂ ಆಗದಿದ್ದರೆ ಸಣ್ಣ ಆಂಪ್ಯೂಲುಗಳನ್ನು, ಅಂದರೆ ಒಂದೇ ಸಲಕ್ಕೆ ತೆರೆದು ಬಳಸುವ ಪುಟ್ಟ ಸೀಸೆಗಳನ್ನು. ಅರ್ಜಿಗೆ ನನ್ನ ಸಹಿಯೂ ಇರಲಿ.

ಅತ್ತೆಯ ವಿಷಯದಲ್ಲಿ ಒಂದೆರಡು ಮಾತು. ಅಂದಿನ ಇಸಿಜಿ ಪಟ್ಟಿಯ ಪ್ರತಿಯನ್ನು ಕೇಳಿ ಪಡೆದು ಫೈಲಿನಲ್ಲಿಡಿ, ನಾಡಿ ಓಡುತ್ತಿದ್ದಾಗ ತೆಗೆದದ್ದೇ ಬೇಕು. ಅವರಿಗೆ ಆಸ್ತಮಾ ಇದ್ದರೆ, ಥಿಯೋಫಿಲಿನ್ ಅಥವಾ ಡೈಪಿರಿಡಮೋಲ್ ಮಾತ್ರೆ ನುಂಗುತ್ತಿದ್ದರೆ, ಮುಂದಿನ ಸಲ ಅಡಿನೊಸಿನ್ ಕೊಡುವ ಮೊದಲೇ ಹೇಳಬೇಕು. ಹಿಂದಿನ ಕೆಲವು ಗಂಟೆಗಳಲ್ಲಿ ಕಾಫಿ ಕುಡಿದಿದ್ದರೆ ಅದನ್ನೂ ಹೇಳಿ. ಕೆಫೀನ್ ಈ ಔಷಧದ ಬಲ ಕುಗ್ಗಿಸುತ್ತದೆ. ಮತ್ತೆ ಎದೆ ಓಡಿದರೆ ವೈದ್ಯರು ಮೊದಲು ಖಾಲಿ 10 ಮಿ.ಲೀ. ಸಿರಿಂಜು ಕೊಟ್ಟು, ದಂಡ ಕದಲುವಂತೆ ಹದಿನೈದು ಸೆಕೆಂಡು ಊದಿ ಎನ್ನಬಹುದು, ಊದಿ ಮುಗಿದೊಡನೆ ಮಲಗಿಸಿ ಕಾಲೆತ್ತಬಹುದು. ತಮಾಷೆ ಎಂದುಕೊಳ್ಳಬೇಡಿ: ಊದಿದ ಮೇಲೆ ಹೀಗೆ ಕಾಲೆತ್ತಿದರೆ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಜನರಿಗೆ ನಾಡಿ ಸರಿಹೋಯಿತೆಂದು 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ತೋರಿಸಿದೆ. ಪದೇ ಪದೇ ಬರುತ್ತಿದ್ದರೆ ಬೆಂಗಳೂರು ಅಥವಾ ಮೈಸೂರಿನ ಜಯದೇವ ಸಂಸ್ಥೆಯಂಥ ಕಡೆ ತೋರಿಸಿ, ಹೃದಯದೊಳಗೆ ವಿದ್ಯುತ್ ಸಂದೇಶ ಸುತ್ತುತ್ತ ನಾಡಿಯನ್ನು ಓಡಿಸುವ ಅಡ್ಡದಾರಿಯನ್ನೇ ಸುಟ್ಟು ಮುಚ್ಚುವ ಅಬ್ಲೇಷನ್ ಚಿಕಿತ್ಸೆ ಅವರಿಗೆ ಹೊಂದುತ್ತದೆಯೇ ಎಂದು ಕೇಳಿ.

— ಸಂಪಾದಕ