ಶೇಡಬಾಳದಿಂದ ಮಿರಜಿಗೆ ಹೋಗುವ ಗಾಡಿ

ಹುಡುಗಿಯರನ್ನು ಸಾಗಿಸುವುದು ಕಂಡರೂ ಗಡಿಯ ಜನ ಸುಮ್ಮನಿರುವುದೇಕೆ ಎಂದು ಕೇಳಿದ್ದೀರಿ. ಇಲ್ಲಿ ಯಾರೂ ಯಾರನ್ನೂ ಕೈಕಾಲು ಕಟ್ಟಿ ಒಯ್ಯುವುದಿಲ್ಲ, ಸ್ವಾಮಿ. ಬೆಳಗಾವಿ ಜಿಲ್ಲೆಯ ನಮ್ಮ ಕಾಗವಾಡ ತಾಲ್ಲೂಕಿನವರಿಗೆ ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ಮಿರಜು ಪಕ್ಕದ ಓಣಿ ಇದ್ದಂತೆ. ಆಸ್ಪತ್ರೆಗೂ ಅಲ್ಲಿಗೇ, ಬೀಗರ ಮನೆಗೂ ಅಲ್ಲಿಗೇ. ಆ ಗದ್ದಲದಲ್ಲಿ ಯಾರೋ ಒಬ್ಬ ‘ಮಾವ’ ಮೂವರು ಹುಡುಗಿಯರೊಂದಿಗೆ ರೈಲು ಹತ್ತಿದರೆ ಯಾರು ತಿರುಗಿ ನೋಡುತ್ತಾರೆ?

ನಾನು ತಿರುಗಿ ನೋಡಿದ್ದು ಆಧಾರ್ ಕಾರ್ಡಿನ ಕಾರಣಕ್ಕೆ. ಶೇಡಬಾಳದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಒಂದು ದಿನ ಅಂಥದೇ ಒಬ್ಬ ‘ಮಾವ’ ಮೂವರು ಹುಡುಗಿಯರೊಂದಿಗೆ ಅಲ್ಲಿಗೆ ಬಂದ. ಮೂವರ ಕಾರ್ಡೂ ಅವನ ಜೇಬಿನಲ್ಲಿದ್ದವು. ಹುಟ್ಟಿದ ವರ್ಷದ ಮೇಲೆ ಬೇರೆ ಅಂಕಿಯ ಚೀಟಿ ಅಂಟಿಸಿ ಪ್ರತಿ ತೆಗೆದುಕೊಡಿ ಎಂದ. ಎಲ್ಲಿಗೆ ಹೊರಟಿರಿ ಎಂದರೆ ಒಬ್ಬಳು ಪುಣೆ ಎಂದಳು, ಇನ್ನೊಬ್ಬಳು ಮುಂಬೈ. ಮೂರನೆಯವಳು ಅವನ ಮುಖ ನೋಡಿದಳು. ಯಂತ್ರ ಕೆಟ್ಟಿದೆ ಎಂದು ಸುಳ್ಳು ಹೇಳಿದೆ.

ಅವನನ್ನು ಅಲ್ಲೇ ತಡೆದಿದ್ದರೆ ಹುಡುಗಿಯರನ್ನು ಎಳೆದುಕೊಂಡು ಬೇರೆ ದಾರಿ ಹಿಡಿಯುತ್ತಿದ್ದ. ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಇನ್ನೂ ಕೆಟ್ಟದ್ದು. ಊರಿನ ಗುಂಪಿನಲ್ಲಿ ಅವನ ನೆಂಟನೂ ಇರುತ್ತಾನೆ. ಒಳಗೆ ಹೋಗಿ 1098ಕ್ಕೆ ಕರೆ ಮಾಡಿದೆ. ಹದಿನೆಂಟರೊಳಗಿನವರಿಗಾಗಿ ಇರುವ ಸಹಾಯವಾಣಿ, ಹಗಲೂ ರಾತ್ರಿಯೂ ಉಚಿತ. ದೊಡ್ಡ ಹೆಂಗಸರಾಗಿದ್ದರೆ 181, ಗಾಡಿ ಹೊರಡುವ ಹೊತ್ತಾಗಿದ್ದರೆ ನೇರ 112.

ಗಡಿಯಲ್ಲಿ ಒಂದು ತೊಡಕಿದೆ. ನಮ್ಮ ಮೊಬೈಲು ಅನೇಕ ಸಲ ಮಹಾರಾಷ್ಟ್ರದ ಟವರನ್ನು ಹಿಡಿಯುತ್ತದೆ, ಆ ಕಡೆಯಿಂದ ಮರಾಠಿಯಲ್ಲಿ ಉತ್ತರ ಬರಬಹುದು. ಗಾಬರಿಯಾಗಿ ಕರೆ ಕಡಿಯಬೇಡಿ. ಮೊದಲು ರಾಜ್ಯ, ಜಿಲ್ಲೆ, ತಾಲ್ಲೂಕು ಹೇಳಿ. ಆಮೇಲೆ ಎಷ್ಟು ಜನ, ಯಾವ ಬಟ್ಟೆ, ಯಾವ ಗಾಡಿ. ಕಂಡದ್ದನ್ನು ಮಾತ್ರ ಹೇಳಿ, ಊಹೆ ಬೇಡ. ಹೆಸರು ಹೇಳಲೇಬೇಕೆಂದಿಲ್ಲ. ಆದರೆ ನಿಮ್ಮ ಸಂಖ್ಯೆ ಅವರಿಗೆ ಕಾಣಬಹುದು, ಆದ್ದರಿಂದ ಗುಟ್ಟಾಗಿಡಿ ಎಂದು ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಠಾಣೆಗೇ ಹೋದರೂ ‘ಇದು ನಮ್ಮ ಹದ್ದಲ್ಲ’ ಎಂದು ವಾಪಸು ಕಳಿಸುವಂತಿಲ್ಲ. ಎಲ್ಲಿ ಬೇಕಾದರೂ ಶೂನ್ಯ ಎಫ್‌ಐಆರ್, ಅಂದರೆ ಹದ್ದು ನೋಡದೆ ಬರೆದುಕೊಳ್ಳುವ ದೂರು, ದಾಖಲಿಸಬಹುದು. 2024ರ ಜುಲೈನಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಅದು ಇದೆ.

ಜನರ ಬಾಯಿ ಕಟ್ಟುವ ಇನ್ನೊಂದು ಮಾತು ಮುಂಗಡ. ‘ಅವರಪ್ಪ ದುಡ್ಡು ತೆಗೆದುಕೊಂಡಿದ್ದಾನೆ, ನಿನಗೇನು?’ ಎನ್ನುತ್ತಾರೆ. ದುಡಿಸಿ ತೀರಿಸಿಕೊಳ್ಳುವ ಅಂಥ ಸಾಲವನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯೇ ಅಳಿಸಿಹಾಕಿದೆ. ಇದು ಮುಂಗಡ ಕೊಟ್ಟು ಜನರನ್ನು ಕೂಲಿಗೆ ಒಯ್ಯುವ ಮುಕಾದಮನಿಗೆ ಗೊತ್ತು, ಸಾಲ ಪಡೆದವನಿಗೆ ಗೊತ್ತಿಲ್ಲ.

ಆ ಸಂಜೆ ಮಿರಜಿನಲ್ಲಿ ಪೊಲೀಸರು ಮೂವರನ್ನೂ ಇಳಿಸಿಕೊಂಡರು ಎಂಬ ಸುದ್ದಿ ಮರುದಿನ ಚಹಾದಂಗಡಿಗೆ ಬಂತು.

“ಯಾರು ಹೇಳಿರಬಹುದು, ಕಾಕಾ?” ಎಂದು ಅಂಗಡಿಯ ಹುಡುಗ ಕೇಳಿದ.

“ಸಕ್ಕರೆ ಕಡಿಮೆ ಹಾಕಪ್ಪ” ಎಂದೆ.