ಮಗ್ಗುಲಾದರೆ ತಲೆ ಸುತ್ತುವುದಕ್ಕೂ ಕಿವಿಯ ನೀರಿಗೂ ಸಂಬಂಧವಿದೆಯೇ?

ನೀವು ಬರೆದದ್ದು ಇಷ್ಟು: ಡೊಂಬಿವಲಿಯಲ್ಲಿರುವ ಅಮ್ಮನಿಗೆ 58 ವರ್ಷ. ಹಾಸಿಗೆಯಲ್ಲಿ ಬಲಕ್ಕೆ ಮಗ್ಗುಲಾದರೆ ಅರ್ಧ ನಿಮಿಷ ಕೋಣೆಯೇ ಗಿರ್ರನೆ ತಿರುಗುತ್ತದೆ. 'ಕಿವಿಯ ನೀರು ಹೆಚ್ಚುಕಮ್ಮಿಯಾಗಿದೆ' ಎಂದು ಡಾಕ್ಟರು ಎರಡು ತಿಂಗಳಿಂದ ಮಾತ್ರೆ ಕೊಡುತ್ತಿದ್ದಾರೆ, ಗುಣವಿಲ್ಲ. ಸ್ನಾನದ ನೀರು ಒಳಗೆ ನಿಂತಿದೆಯೇ?

ಇಲ್ಲ. ಕಿವಿತಮಟೆ ತೂತಾಗಿರದಿದ್ದರೆ ಸ್ನಾನದ ನೀರು ಅದನ್ನು ದಾಟುವುದೇ ಇಲ್ಲ. ತಮಟೆಯ ಹಿಂದೆ ನೀರು ತುಂಬುವುದು ಸಾಮಾನ್ಯವಾಗಿ ನೆಗಡಿಯಾದ ಮೇಲೆ, ಮೂಗಿನ ಹಿಂಬದಿಗೆ ಹೋಗುವ ನಾಳ ಕಟ್ಟಿಕೊಂಡಾಗ. ಮುಂಬೈ ಮಳೆಗಾಲದಲ್ಲಿ ಇದು ಮಾಮೂಲು. ಆಗ ಕಿವಿ ಮುಚ್ಚಿದಂತಾಗಿ ಕೇಳಿಸುವುದು ಮಂದವಾಗುತ್ತದೆ, ಸ್ವಲ್ಪ ತೂಗಾಡಿದಂತೆಯೂ ಅನಿಸಬಹುದು. ಆದರೆ ಮಗ್ಗುಲಾದಾಗ ಮಾತ್ರ ಹೀಗೆ ತಿರುಗುವುದಿಲ್ಲ. ದೊಡ್ಡವರಿಗೆ ಒಂದೇ ಕಿವಿಯಲ್ಲಿ ನೀರು ವಾರಗಟ್ಟಲೆ ಉಳಿದರೆ ಮೂಗಿನ ಹಿಂಭಾಗವನ್ನು ದುರ್ಬೀನು ಹಾಕಿ ನೋಡಿಸಲೇಬೇಕು; ಗಡ್ಡೆ ಇಲ್ಲವೆಂದು ಖಚಿತವಾಗಬೇಕು.

ಅಮ್ಮನ ಲಕ್ಷಣ ಬಿಪಿಪಿವಿಯದು, ಅಂದರೆ ತಲೆಯ ಭಂಗಿ ಬದಲಾದಾಗ ಸ್ವಲ್ಪ ಹೊತ್ತು ಬರುವ, ಅಪಾಯವಿಲ್ಲದ ತಲೆಸುತ್ತು. ಒಳಗಿವಿಯಲ್ಲಿ ಸುಣ್ಣದಂಶದ ಸಣ್ಣ ಹರಳುಗಳಿವೆ. ವಯಸ್ಸಾದಂತೆ, ಅಥವಾ ತಲೆಗೆ ಪೆಟ್ಟು ಬಿದ್ದರೆ, ಅವು ಜಾಗ ಬಿಟ್ಟು ಅರೆವೃತ್ತಾಕಾರದ ಕೊಳವೆಯೊಳಗೆ ಜಾರುತ್ತವೆ. ತಲೆ ಹೊರಳಿಸಿದಾಗ ಅಲ್ಲಿನ ದ್ರವವನ್ನು ಎಳೆದು, ದೇಹ ತಿರುಗುತ್ತಿದೆ ಎಂಬ ಸುಳ್ಳು ಸುದ್ದಿಯನ್ನು ಮಿದುಳಿಗೆ ಕಳಿಸುತ್ತವೆ. ದ್ರವ ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ಹರಳು ವಾಪಸು ಹೋಗಬೇಕು, ಅಷ್ಟೇ. ಆ ಕೆಲಸ ಮಾತ್ರೆಯಿಂದ ಆಗುವುದಿಲ್ಲ.

ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ (ತಲೆ ತಿರುಗಿಸಿ ಬೇಗನೆ ಮಲಗಿಸಿ, ಕಣ್ಣಿನ ಚಲನೆ ನೋಡುವುದು) ಮಾಡಿ ಎಂದು ಇಎನ್‌ಟಿ ಡಾಕ್ಟರಲ್ಲಿ ಬಾಯಿಬಿಟ್ಟು ಕೇಳಿ. ಮುಂಬೈಯ ಸಾಯನ್, ಕೆಇಎಂ ಆಸ್ಪತ್ರೆಗಳಲ್ಲಿ ಈ ವಿಭಾಗವಿದೆ. ಬಲಗಿವಿಯೆಂದು ಖಚಿತವಾದರೆ, ಹರಳನ್ನು ವಾಪಸು ಕಳಿಸುವ ಎಪ್ಲಿ ಕ್ರಮ ಹೀಗೆ: ಮಂಚದ ಮೇಲೆ ಕಾಲು ಚಾಚಿ ಕೂತು, ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ಬೇಗನೆ ಅಂಗಾತ ಮಲಗಬೇಕು. ದಿಂಬು ಭುಜದಡಿ ಇರಲಿ, ತಲೆ ಸುಮಾರು 20 ಡಿಗ್ರಿ ಕೆಳಗೆ ಬಾಗಿರಲಿ. ಸುತ್ತು ನಿಂತ ಮೇಲೂ 30 ಸೆಕೆಂಡು ಹಾಗೇ ಇರಬೇಕು. ತಲೆ ಎತ್ತದೆ ಎಡಕ್ಕೆ 90 ಡಿಗ್ರಿ ತಿರುಗಿಸಿ, ಮತ್ತೆ 30 ಸೆಕೆಂಡು. ಆಮೇಲೆ ಇಡೀ ಮೈ ಎಡಮಗ್ಗುಲಾಗಿ, ಮೂಗು ನೆಲ ನೋಡುವಂತೆ ಇನ್ನೊಂದು 30 ಸೆಕೆಂಡು. ಕೊನೆಗೆ ಕಾಲು ಇಳಿಬಿಟ್ಟು ಮೆಲ್ಲಗೆ ಏಳಬೇಕು.

ಕೆಡುವುದು ಎರಡು ಕಡೆ. ಸುತ್ತು ಬಂದ ಕೂಡಲೇ ಗಾಬರಿಯಿಂದ ಎದ್ದು ಕೂರುತ್ತಾರೆ, ಹರಳು ಮತ್ತೆ ಕೊಳವೆಯೊಳಕ್ಕೇ ಜಾರುತ್ತದೆ. ಇಲ್ಲವೇ ತೊಂದರೆಯಿರುವ ಕಿವಿ ಬಿಟ್ಟು ಇನ್ನೊಂದಕ್ಕೆ ಮಾಡಿರುತ್ತಾರೆ. ಪ್ರತಿ ಕಿವಿಯಲ್ಲಿರುವ ಮೂರು ಕೊಳವೆಗಳ ಪೈಕಿ ಹರಳು ಅಡ್ಡ ಕೊಳವೆಯಲ್ಲಿದ್ದರೆ ಮಾತ್ರ ಕ್ರಮವೇ ಬೇರೆ. ಆದ್ದರಿಂದ, ಮುಖ್ಯವಾಗಿ ಕತ್ತಿನ ಮೂಳೆ ಸವೆದವರು, ಮೊದಲ ಸಲ ಡಾಕ್ಟರ ಕೈಯಲ್ಲೇ ಮಾಡಿಸಿಕೊಳ್ಳಲಿ. ಅಲ್ಲಿಯವರೆಗೆ ಅಮ್ಮ ಸ್ಟೂಲ್ ಹತ್ತಿ ಅಟ್ಟದ ಡಬ್ಬಿ ತೆಗೆಯುವುದು ಬೇಡ, ಲೋಕಲ್ ರೈಲಿನ ಬಾಗಿಲ ಬಳಿ ನಿಲ್ಲುವುದು ಬೇಡವೇ ಬೇಡ.

ಈಗಿನ ಮಾತ್ರೆ ಪ್ರೊಕ್ಲೋರ್‌ಪೆರಜೀನ್ ಆಗಿದ್ದರೆ, ಮುಂದುವರಿಸಬೇಕೇ ಎಂದು ಈ ವಾರವೇ ಕೇಳಿ. ವಾಂತಿ ತಡೆಯಲು ಕೆಲವು ದಿನಕ್ಕೆ ಸರಿ. ತಿಂಗಳುಗಟ್ಟಲೆ ತಿಂದರೆ ವಯಸ್ಸಾದವರಿಗೆ ಕೈನಡುಕ ಬರಬಹುದು.

ನಿಜಕ್ಕೂ ಒಳಗಿವಿಯ ದ್ರವ ಹೆಚ್ಚುವ ಕಾಯಿಲೆ ಮೆನಿಯೇರ್. ಅದರ ಸುತ್ತು 20 ನಿಮಿಷದಿಂದ ಕೆಲವು ಗಂಟೆ ಇರುತ್ತದೆ. ಜೊತೆಗೆ ಒಂದು ಕಿವಿಯಲ್ಲಿ ಗುಂಯ್‌ಗುಡುವ ಸದ್ದು, ತುಂಬಿಕೊಂಡ ಭಾವ, ಕಿವುಡು ಬಂದುಹೋಗುತ್ತವೆ. ಇವರು ಉಪ್ಪಿನಕಾಯಿ, ಹಪ್ಪಳ, ಫರಸಾಣ, ಒಣಮೀನು ಕಡಿಮೆ ಮಾಡಬೇಕು. ದಿನಗಟ್ಟಲೆ ಬಿಡದೆ ತಿರುಗಿದರೆ ಸಮತೋಲದ ನರ ಊದಿಕೊಂಡಿರಬಹುದು. ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲಾದರೆ ಮೊದಲು ಮಲಗಿಸಿ, ಆಮೇಲೆ ನಿಲ್ಲಿಸಿ ಬಿಪಿ ನೋಡಿಸಿ; ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೆ ಕಾರಣ ಅಲ್ಲಿದೆ.

ಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ, ಹಿಡಿದರೂ ನಿಲ್ಲಲಾಗದಿದ್ದರೆ 108ಕ್ಕೆ ಕರೆ ಮಾಡಿ. ಅದು ಮಿದುಳಿನದು, ಕಿವಿಯದಲ್ಲ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೂ ನಾಳೆ ನೋಡೋಣ ಎನ್ನಬೇಡಿ. ಸ್ಟೀರಾಯ್ಡ್ ಎಷ್ಟು ಬೇಗ ಸಿಗುತ್ತದೋ ಅಷ್ಟು ಒಳ್ಳೆಯದು.